ಹಿಡಿಯಷ್ಟು ಬೀಟೆ

ಕಳೆದ ಬೇಸಿಗೆಯಲ್ಲಿ ಗ್ರೆನೋಬಲ್‌ನಲ್ಲಿ ಓದುತ್ತಿರುವ ಗೆಳತಿಯೊಬ್ಬಳು ರಜೆಗೆ ಬಂದವಳು ನನಗೊಂದು ಮಡಚುವ ಚಾಕು ತಂದುಕೊಟ್ಟಳು. ಒಪಿನೆಲ್ ಕಂಪನಿಯ ಎಂಟನೇ ನಂಬರಿನ ಚಾಕು. ಎಂಟೂವರೆ ಸೆಂಟಿಮೀಟರ್ ಅಲಗು, ಬೆಣ್ಣೆ ಬಣ್ಣದ ಬೀಚ್ ಮರದ ಹಿಡಿ, ಕತ್ತಿನ ಹತ್ತಿರ ತಿರುಗಿಸಿದರೆ ಅಲಗನ್ನು ಬಿಗಿಹಿಡಿಯುವ ಒಂದು ಉಕ್ಕಿನ ಬಳೆ. ಬೇರೇನೂ ಇಲ್ಲ. ಶಿರಸಿಯ ಕಡೆಯ ನಮ್ಮ ಮನೆಗೆ ಅದನ್ನು ಒಯ್ದೆ. ಅಪ್ಪೆಮಿಡಿಯ ತೊಟ್ಟು ತೆಗೆಯುವುದರಿಂದ ಹಿಡಿದು ಬಾಳೆಲೆ ಸೀಳುವವರೆಗೆ ಎಲ್ಲಕ್ಕೂ ಬಂತು. ಜೂನ್ ಎರಡನೇ ವಾರ ಮಳೆ ಹಿಡಿಯಿತು ನೋಡಿ, ಚಾಕು ಬಾಯಿ ಬಿಡಲಿಲ್ಲ. ತೇವ ಕುಡಿದ ಬೀಚ್ ಮರ ಉಬ್ಬಿ, ಮಡಚಿಟ್ಟ ಅಲಗನ್ನು ಸೀಳಿನೊಳಗೇ ಕಚ್ಚಿ ಹಿಡಿದುಕೊಂಡಿತ್ತು.

ಇದು ನನ್ನ ಚಾಕುವಿನ ದೋಷವಲ್ಲ, ಆ ಮರದ ಗುಣ. ಫ್ರಾನ್ಸಿನ ಸವೊಯ್ ಪ್ರಾಂತ್ಯದವರಿಗೆ ಇದು ಹಳೆಯ ಪರಿಚಯ. ಅವರು ಹಿಡಿಯ ತುದಿಯನ್ನು ಮೇಜಿನ ಅಂಚಿಗೆ ಒಮ್ಮೆ ಕುಟ್ಟುತ್ತಾರೆ, ಅಲಗು ಬೆರಳಿಗೆ ಸಿಗುವಷ್ಟು ಹೊರಬರುತ್ತದೆ. ಆ ಕುಟ್ಟಿಗೆ ‘ಸವೊಯ್ ಏಟು’ ಎಂಬ ಅರ್ಥದ ಹೆಸರೇ ಇದೆ. ನಾನೂ ಜಗುಲಿಯ ಕಂಬಕ್ಕೆ ಕುಟ್ಟಿದೆ. ಬಂತು. ಆದರೆ ನಮ್ಮ ಮಳೆ ನಾಲ್ಕು ತಿಂಗಳದ್ದು. ದಿನಾ ಕುಟ್ಟುವ ಬದಲು ಹಿಡಿಯನ್ನೇ ಬದಲಿಸೋಣ ಎಂದು ಹೊರಟೆ. ಹಾಗೆ ಶುರುವಾದ ಹವ್ಯಾಸ, ಕೊನೆಗೆ ನನ್ನ ಸಂಶೋಧನೆಯ ಕಡತಗಳೊಳಗೇ ನನ್ನನ್ನು ವಾಪಸ್ ತಂದು ನಿಲ್ಲಿಸಿತು.

ಮಡಚುವ ಚಾಕು ಎರಡೂವರೆ ಸಾವಿರ ವರ್ಷಗಳಷ್ಟಾದರೂ ಹಳೆಯದು. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ಸಿಕ್ಕಿದ ಕಬ್ಬಿಣ ಯುಗದ ಮಡಚುಚಾಕುವಿಗೆ ಮೂಳೆಯ ಹಿಡಿಯಿತ್ತು. ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿ ರೋಮನ್ನರ ಕಾಲದ ಬೆಳ್ಳಿಯ ಚಾಕು ಒಂದಿದೆ. ಅದರಲ್ಲಿ ಚಮಚ, ಮುಳ್ಳು, ಕಡ್ಡಿ ಎಲ್ಲವೂ ಮಡಚಿಕೊಳ್ಳುತ್ತವೆ. ಅಂಥದ್ದು ಉಳ್ಳವರ ಸ್ವತ್ತು. ಸಾಮಾನ್ಯರ ಜೇಬಿಗೆ ಚಾಕು ಬಂದದ್ದು ಅಗ್ಗದ ಕಬ್ಬಿಣ ಮತ್ತು ಕೈಗೆ ಸಿಗುವ ಮರದಿಂದ. ಕುರುಬ, ದ್ರಾಕ್ಷಿ ತೋಟದ ಕೂಲಿ, ಗಾಡಿ ಹೊಡೆಯುವವ, ಇವರೆಲ್ಲ ರೊಟ್ಟಿ ಕೊಯ್ಯಲು, ಹಗ್ಗ ಕತ್ತರಿಸಲು, ಕಡ್ಡಿ ಹೆರೆಯಲು ಒಂದೇ ಚಾಕು ಇಟ್ಟುಕೊಂಡಿರುತ್ತಿದ್ದರು. ಊಟಕ್ಕೆ ಕೂತಾಗ ಜೇಬಿನಿಂದ ತೆಗೆಯುವುದು, ಎದ್ದಾಗ ಒರೆಸಿ ಮಡಚುವುದು.

ಅಂಥವರಿಗಾಗಿ ಚಾಕು ಮಾಡಿದವನು ಜೋಸೆಫ್ ಒಪಿನೆಲ್. ಹುಟ್ಟಿದ್ದು 1872ರಲ್ಲಿ, ಆಲ್ಪ್ಸ್ ಬೆಟ್ಟಸಾಲಿನ ಮೊರಿಯೆನ್ ಕಣಿವೆಯ ಒಂದು ಪುಟ್ಟ ಹಳ್ಳಿಯಲ್ಲಿ. ತಂದೆ ಡೇನಿಯಲ್ ಕೊಡಲಿ, ಕತ್ತಿ ಮುಂತಾದ ಹತಾರ ಮಾಡುವ ಕಮ್ಮಾರ. ಮಗನಿಗೆ ಯಂತ್ರಗಳ ಹುಚ್ಚು. 1890ರಲ್ಲಿ, ಹದಿನೆಂಟರ ವಯಸ್ಸಿಗೆ, ತನ್ನ ಮೊದಲ ಮಡಚುಚಾಕು ಮಾಡಿದ. 1897ರ ಹೊತ್ತಿಗೆ ಒಂದರಿಂದ ಹನ್ನೆರಡರವರೆಗೆ ನಂಬರು ಹಾಕಿದ ಹನ್ನೆರಡು ಅಳತೆಗಳು ಬಂದವು. ಒಂದನೇ ನಂಬರು ತೀರಾ ಚಿಕ್ಕದು, ಹನ್ನೊಂದನೆಯದು ಹತ್ತು ಮತ್ತು ಹನ್ನೆರಡರ ನಡುವೆ ಅನಗತ್ಯ ಎಂದು 1935ರಲ್ಲಿ ಅವೆರಡನ್ನೂ ಕೈಬಿಟ್ಟರು. 1955ರಲ್ಲಿ ಮಗ ಮಾರ್ಸೆಲ್ ಆ ತಿರುಗುವ ಬಳೆಯನ್ನು ಸೇರಿಸಿದ. ಅದಕ್ಕೂ ಮುಂಚೆ ತೆರೆದ ಅಲಗು ಕೆಲಸದ ನಡುವೆ ಬೆರಳ ಮೇಲೆ ಮಡಚಿಕೊಳ್ಳದಂತೆ ತಡೆಯುವ ಏರ್ಪಾಡೇ ಅದರಲ್ಲಿರಲಿಲ್ಲ.

ಜೋಸೆಫ್‌ನ ನಿಜವಾದ ಸಾಧನೆ ಇದ್ದದ್ದು ಹಿಡಿಯಲ್ಲಿ. ಅಲಗನ್ನು ಕಾಯಿಸಿ ಬಡಿಯುವುದು ಕಮ್ಮಾರನ ಮನೆಯಲ್ಲಿ ಹುಟ್ಟಿದವನಿಗೆ ಹೊಸದಲ್ಲ. ಒಂದೇ ಮರದ ತುಂಡಿನಲ್ಲಿ, ಅದು ಒಡೆಯದಂತೆ, ಅಲಗು ಕೂರುವಷ್ಟೇ ಸಪೂರದ ಸೀಳು ಕೊರೆಯುವುದು ಕಷ್ಟ. ಅದಕ್ಕೆಂದೇ ಅವನು ಯಂತ್ರ ಮಾಡಿಕೊಂಡ. ಮರ ಮಾತ್ರ ಬೀಚ್. ಬೆಲೆ ಕಡಿಮೆ, ಎಳೆ ಸಮ, ಕಡೆಯಲು ಸುಲಭ. ಫ್ರಾನ್ಸಿನಲ್ಲಿ ಹೇರಳವಾಗಿ ಬೆಳೆಯುವ ಮರ. ನಮ್ಮಲ್ಲಿ ಕತ್ತಿಗೆ ಕಾವು ಹಾಕಬೇಕಾದರೆ ಹಿತ್ತಲಿನಲ್ಲಿ ಏನಿದೆ ಎಂದು ನೋಡುತ್ತೇವಲ್ಲ, ಹಾಗೆ.

ಈಗ ಪ್ರಪಂಚದ ಬೇರೆ ಬೇರೆ ಕಡೆ ಜೇಬುಚಾಕುಗಳಿಗೆ ತಮಗೆ ಬೇಕಾದ ಮರದ ಹಿಡಿ ಕೂರಿಸಿಕೊಳ್ಳುವ ಹವ್ಯಾಸಿಗಳಿದ್ದಾರೆ. ಅವರಲ್ಲಿ ಹಲವರು ಕೈಯಾಡಿಸಲು ಶುರುಮಾಡುವುದೇ ಒಪಿನೆಲ್‌ನಿಂದ. ಬಳೆ, ಕೀಲು, ಅಲಗು, ಹಿಡಿ, ಇಷ್ಟೇ ಭಾಗಗಳಿರುವುದರಿಂದ ಬಿಚ್ಚಿ ಜೋಡಿಸುವುದು ಸುಲಭ. ಕೆತ್ತಿಕೊಳ್ಳಲೆಂದೇ ಒರಟು ತುಂಡಿನ ಹಿಡಿ ಇರುವ ಚಾಕುವನ್ನು ಕಂಪನಿಯೇ ಮಾರುತ್ತದೆ. ಆದರೆ ಹಿಡಿಯನ್ನು ಸಿಂಗರಿಸುವ ಅಭ್ಯಾಸ ಈ ಹವ್ಯಾಸಕ್ಕಿಂತ ತುಂಬಾ ಹಳೆಯದು. ಫ್ರಾನ್ಸಿನದೇ ನಾಂಟ್ರನ್ ಊರಿನ ಚಾಕುಗಳಿಗೆ ಬಾಕ್ಸ್‌ವುಡ್ ಎಂಬ ಹಳದಿ, ಗಟ್ಟಿ ಮರದ ಹಿಡಿ. ಅದರ ಮೇಲೆ ಕಾಯಿಸಿದ ಕಬ್ಬಿಣದಿಂದ ಸುಟ್ಟು ಚುಕ್ಕೆ, ಗೆರೆಗಳನ್ನು ಮೂಡಿಸುತ್ತಾರೆ. ಲಗ್ಯೋಲ್ ಎಂಬ ಹಳ್ಳಿಯಲ್ಲಿ 1829ರಲ್ಲಿ ಪಿಯರ್ ಜಾನ್ ಕಾಲ್ಮೆಲ್ ಎಂಬವನು ಶುರುಮಾಡಿದ ಚಾಕುವಿನ ಹಿಡಿಯಲ್ಲಿ ಸಣ್ಣ ಮೊಳೆಗಳಿಂದ ಶಿಲುಬೆ ಕೂರಿಸುವ ವಾಡಿಕೆಯಿದೆ. ಗುಡ್ಡದ ಮೇಲೆ ಚರ್ಚು ಇಲ್ಲದ ಕುರುಬರು ಚಾಕುವನ್ನು ನೆಲಕ್ಕೋ ರೊಟ್ಟಿಗೋ ಚುಚ್ಚಿ ನಿಲ್ಲಿಸಿ, ಆ ಶಿಲುಬೆಗೆ ಕೈಮುಗಿಯುತ್ತಿದ್ದರು ಎಂಬ ಕತೆ ಅದಕ್ಕೆ ಅಂಟಿಕೊಂಡಿದೆ. ಕೊಡವರ ಪೀಚೆಕತ್ತಿಯನ್ನು ನೋಡಿದವರಿಗೆ ಇದು ವಿಚಿತ್ರ ಅನ್ನಿಸಲಾರದು. ಅದು ಮಡಚುವ ಚಾಕುವಲ್ಲ, ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ. ಅಲ್ಲಿಯೂ ಬೆಳ್ಳಿಯ ಕುಸುರಿ ಕಾಣುವುದು ಹಿಡಿ ಮತ್ತು ಒರೆಯ ಮೇಲೆ.

ಇದಕ್ಕೆ ಸರಳವಾದ ಕಾರಣವಿದೆ. ಅಲಗು ಮಾಡಲು ಕುಲುಮೆ ಬೇಕು, ಹದ ಹಾಕಲು ಕಲಿತ ಕೈ ಬೇಕು. ಅದನ್ನು ಕೊಳ್ಳಲೇಬೇಕು. ಹಿಡಿಗೆ ಬೇಕಾದದ್ದು ಒಂದು ತುಂಡು ಮರ, ಒಂದು ಅರ, ಎರಡು ಸಂಜೆ. ಹಿಡಿ ಸವೆಯುತ್ತದೆ, ಒಡೆಯುತ್ತದೆ, ಬದಲಿಸಬೇಕಾಗುತ್ತದೆ. ಬದಲಿಸುವಾಗ ಅದು ಯಾರ ಕೈಯಲ್ಲಿರುತ್ತದೋ ಅವರ ಕೈಯ ಅಳತೆಗೆ ಆಗುತ್ತದೆ. ಕಾರ್ಖಾನೆಯ ವಸ್ತುವೊಂದು ನಿಜವಾಗಿ ಒಬ್ಬರ ಸ್ವಂತದ್ದಾಗುವುದು ಇಲ್ಲಿಯೇ ಎಂದು ಕೆಲಸ ಶುರುಮಾಡುವಾಗ ನಾನು ನಂಬಿದ್ದೆ.

ನನಗೆ ಬೇಕಿದ್ದದ್ದು ನೀರಿಗೆ ಬಗ್ಗದ ಮರ. ಅಟ್ಟದ ಮೇಲೆ ಮುರಿದು ಬಿದ್ದ ಆರಾಮ ಕುರ್ಚಿಯ ಕೈ ಇತ್ತು, ಬೀಟೆಯದು. ಅದರಿಂದ ಹನ್ನೆರಡು ಸೆಂಟಿಮೀಟರಿನ ತುಂಡು ಕೊಯ್ದುಕೊಂಡೆ. ಹಳೆಯ ಹಿಡಿ ಬಿಚ್ಚುವ ಕ್ರಮ ಹೀಗೆ: ಮೊದಲು ತಿರುಗುವ ಬಳೆಯನ್ನು ಇಕ್ಕಳದಿಂದ ಅಗಲಿಸಿ ತೆಗೆಯಬೇಕು. ಕೀಲಿನ ತಲೆಯನ್ನು ಅರದಿಂದ ಉಜ್ಜಿ, ಮೊಳೆಯಿಟ್ಟು ಬಡಿದು ಹೊರಹಾಕಬೇಕು. ಆಗ ಅಲಗು ಮತ್ತು ಒಳಬಳೆ ಕಳಚಿಕೊಳ್ಳುತ್ತವೆ. ಹೊಸ ಮರದಲ್ಲಿ ಮೊದಲು ಕೊಯ್ಯಬೇಕಾದದ್ದು ಸೀಳು. ತುಂಡು ಚೌಕವಾಗಿರುವಾಗಲೇ ಕೊಯ್ದರೆ ಗರಗಸ ನೇರ ಹೋಗುತ್ತದೆ, ದುಂಡು ಮಾಡಿದ ಮೇಲೆ ಹಿಡಿಯಲು ಆಧಾರವಿರುವುದಿಲ್ಲ. ಆಮೇಲೆ ಒಳಬಳೆ ಕೂರುವ ತಲೆಭಾಗವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತೆಗೆಯುತ್ತಾ ಬರಬೇಕು. ಇಲ್ಲಿ ಅವಸರ ಮಾಡಿದರೆ ಅಲಗು ಜನ್ಮವಿಡೀ ಅಲ್ಲಾಡುತ್ತದೆ. ನನ್ನ ಮೊದಲ ಎರಡು ತುಂಡುಗಳು ಹೀಗೆಯೇ ಹಾಳಾದವು. ಮೂರನೆಯದನ್ನು ಊರಿನ ಆಚಾರಿಯವರ ಎದುರು ಕೂತು ಮಾಡಿದೆ. ಅವರು ಏನೂ ಹೇಳಲಿಲ್ಲ, ನಾನು ಉಜ್ಜುವಾಗ ಎರಡು ಸಲ ನನ್ನ ಮೊಣಕೈಯನ್ನು ಕೆಳಗೆ ಒತ್ತಿದರು, ಅಷ್ಟೆ.

ಬೀಟೆಯನ್ನು ಉಜ್ಜಿದಾಗ ಬರುವ ಪುಡಿ ನೇರಳೆ ಬಣ್ಣದ್ದು. ಘಮವಿದೆ, ಆದರೆ ಮೂಗಿಗೆ ಒಳ್ಳೆಯದಲ್ಲ, ಬಟ್ಟೆ ಕಟ್ಟಿಕೊಳ್ಳಬೇಕು. ಒರಟು ಸ್ಯಾಂಡ್ ಪೇಪರಿನಿಂದ ನಯದ್ದಕ್ಕೆ ಬಂದು, ಕೊನೆಗೆ ಅಗಸೆ ಎಣ್ಣೆ ಹಚ್ಚಿದಾಗ ಕಪ್ಪಿನೊಳಗಿಂದ ಕೆಂಪು ಗೆರೆಗಳು ಎದ್ದು ಬಂದವು. ಜಗುಲಿಯಲ್ಲಿ ಕೂತಿದ್ದ ಅಜ್ಜನಿಗೆ ಒಯ್ದು ತೋರಿಸಿದೆ. ಅಜ್ಜ ಚಾಕುವನ್ನು ತೆರೆದು ನೋಡಲೂ ಇಲ್ಲ. ಹಿಡಿಯನ್ನು ಬೆಳಕಿಗೆ ತಿರುಗಿಸಿ ಕೇಳಿದ:

“ಇದು ಎಲ್ಲಿಂದ ತಂದ್ಯ ತಮಾ?”

“ಅಟ್ಟದ ಮೇಲಿನ ಕುರ್ಚಿ ಕೈದು, ಅಜ್ಜ.”

“ಹಂಗಾರೆ ಅಡ್ಡಿಲ್ಲೆ. ಅದಕ್ಕೆ ಚೀಟಿ ಇದ್ದು.”

ಒಳಗೆ ಹೋಗಿ ಪೆಟ್ಟಿಗೆಯಿಂದ ಒಂದು ಪ್ಲಾಸ್ಟಿಕ್ ಚೀಲ ತಂದ. ಅದರಲ್ಲಿ ಮಡಚಿ ಮಡಚಿ ಮಡಿಕೆಯ ಜಾಗದಲ್ಲೆಲ್ಲ ಹರಿದ ರಸೀದಿ ಇತ್ತು. ನಲವತ್ತು ವರ್ಷಗಳ ಹಿಂದೆ ಸರ್ಕಾರದ ನಾಟಾ ಹರಾಜಿನಲ್ಲಿ ಒಂದು ತುಂಡು ಬೀಟೆ ಕೊಂಡದ್ದಕ್ಕೆ ಪುರಾವೆ. ಆ ತುಂಡಿನಿಂದಲೇ ಕುರ್ಚಿ ಆಗಿತ್ತು. ಮುತ್ತಜ್ಜನಿಗೆ ಬೆನ್ನು ನೋವು, ಒಳ್ಳೆಯ ಮರದ ಕುರ್ಚಿ ಬೇಕು ಅಂದಿದ್ದನಂತೆ. ನಮ್ಮ ಮನೆಯ ಬೆಟ್ಟದಲ್ಲಿ, ನಾನು ಕೂತ ಜಗುಲಿಯಿಂದ ಕಾಣುವಷ್ಟು ಹತ್ತಿರ, ಇಬ್ಬರು ತಬ್ಬಿದರೂ ಸಾಲದ ಬೀಟೆ ಮರವೊಂದಿದೆ. ಆ ವರ್ಷದ ಮಳೆಗಾಲದಲ್ಲಿ ಅದರದೇ ಒಂದು ದೊಡ್ಡ ಹೆರೆ ಮುರಿದು ಬಿದ್ದಿತ್ತು. ಅಜ್ಜ ಅದನ್ನು ಮುಟ್ಟಲಿಲ್ಲ. ಅದು ಅಲ್ಲಿಯೇ ಗೆದ್ದಲು ಹಿಡಿಯಿತು. ಬೀಟೆ ಬೇಕಾದಾಗ ಬಸ್ಸು ಹತ್ತಿ ಹೋಗಿ ಹರಾಜಿನಲ್ಲಿ ಕೊಂಡು ತಂದ. “ಮರ ನಮ್ಮನೆ ಬೆಟ್ಟದ್ದು, ಆದ್ರೆ ನಮ್ದಲ್ಲ” ಎನ್ನುವುದನ್ನು ಅಜ್ಜ ಹೇಳಿದ್ದು ದೂರಿನಂತೆ ಅಲ್ಲ, ಮಳೆ ಪಶ್ಚಿಮದಿಂದ ಬರುತ್ತದೆ ಎಂದು ಹೇಳುವ ಹಾಗೆ.

ನಾನು ಪಿಎಚ್.ಡಿ. ಮಾಡುತ್ತಿರುವುದು ಹತ್ತೊಂಬತ್ತನೇ ಶತಮಾನದ ಉತ್ತರ ಕನ್ನಡದ ಮರದ ವ್ಯಾಪಾರದ ಮೇಲೆ. ‘ಬ್ಲ್ಯಾಕ್‌ವುಡ್’ ಎಂಬ ಹೆಸರಿನಲ್ಲಿ ಬೀಟೆ ನನ್ನ ಟಿಪ್ಪಣಿ ಪುಸ್ತಕಗಳ ತುಂಬಾ ಇದೆ. ಆದರೂ ಅದು ನಮ್ಮ ಮನೆಯ ಅಟ್ಟದ ಮೇಲೂ ಇದೆ, ಪೆಟ್ಟಿಗೆಯಲ್ಲಿ ಅದಕ್ಕೆ ರಸೀದಿಯೂ ಇದೆ ಎಂಬುದು ನನಗೆ ಹೊಳೆದಿರಲಿಲ್ಲ.

ಮರವನ್ನು ಅರಸರು ತಮ್ಮದೆನ್ನುವುದು ಕಂಪನಿ ಸರ್ಕಾರಕ್ಕೂ ಹಿಂದಿನದು. ಮೈಸೂರಿನಲ್ಲಿ ಟಿಪ್ಪು 1792ರಲ್ಲಿ ಗಂಧವನ್ನು ರಾಜವೃಕ್ಷವೆಂದು ಸಾರಿದ. ಈಸ್ಟ್ ಇಂಡಿಯಾ ಕಂಪನಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ನೆಪೋಲಿಯನ್ ಜೊತೆಗಿನ ಯುದ್ಧಕ್ಕೆ ಹಡಗುಗಳು ಬೇಕಿದ್ದವು, ಇಂಗ್ಲೆಂಡಿನ ಓಕ್ ಸಾಲುತ್ತಿರಲಿಲ್ಲ. 1806ರಲ್ಲಿ ಮಲಬಾರಿಗೆ ಕ್ಯಾಪ್ಟನ್ ವಾಟ್ಸನ್ ಎಂಬ ಪೊಲೀಸ್ ಅಧಿಕಾರಿಯನ್ನು ಅರಣ್ಯ ಸಂರಕ್ಷಕನನ್ನಾಗಿ ನೇಮಿಸಿದರು. ಮರುವರ್ಷ ಸಾಗುವಾನಿಯ ಮೇಲೆ ಕಂಪನಿಯ ಹಕ್ಕು ಸಾರಲಾಯಿತು. ಮರದ ವ್ಯಾಪಾರಿಗಳೂ ರೈತರೂ ಎಷ್ಟು ರೋಸಿಹೋದರೆಂದರೆ, ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1823ರಲ್ಲಿ ಆ ಹುದ್ದೆಯನ್ನೇ ರದ್ದುಮಾಡಿದ. ಆದರೆ ರೈಲು ಬಂತು, ಹಳಿಯ ಕೆಳಗೆ ಹಾಸಲು ಮರದ ಹಸಿವು ಶುರುವಾಯಿತು. 1856ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಹ್ಯೂ ಕ್ಲೆಗಾರ್ನ್ ಸಂರಕ್ಷಕನಾದ. ಮೊದಲು ಶಿವಮೊಗ್ಗದಲ್ಲಿ ವೈದ್ಯನಾಗಿದ್ದ ಸ್ಕಾಟ್ ಆತ. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಸೇರಿತು. 1864ರಲ್ಲಿ ಇಡೀ ಭಾರತಕ್ಕೆ ಡೀಟ್ರಿಚ್ ಬ್ರಾಂಡಿಸ್ ಎಂಬ ಜರ್ಮನ್ ಅರಣ್ಯಾಧಿಕಾರಿ ಬಂದ. 1878ರ ಅರಣ್ಯ ಕಾಯಿದೆಯೊಂದಿಗೆ ಕಾಡಿನ ಮೇಲಿನ ಸರ್ಕಾರದ ಹಿಡಿತ ಭದ್ರವಾಯಿತು.

ಹಿಡಿತದ ವಿವರಗಳು ಊರಿಂದೂರಿಗೆ ಬೇರೆ. ಅಡಿಕೆ ತೋಟಕ್ಕೆ ಸೊಪ್ಪು, ದರಕು ಬೇಕೇಬೇಕು ಎಂದು ನಮ್ಮ ಕಡೆ ತೋಟಿಗರಿಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟರು. ಸೊಪ್ಪು ಕಡಿಯಬಹುದು, ಒಣಗಿದ ಕಟ್ಟಿಗೆ ತರಬಹುದು. ಆದರೆ ಸಾಗುವಾನಿ, ಬೀಟೆ, ಗಂಧದ ಮರಗಳು ಸರ್ಕಾರದವು. ಕೊಡಗಿನಲ್ಲಿ ಕಾಫಿ ತೋಟದ ಮರಗಳ ಹಕ್ಕು ಇವತ್ತಿಗೂ ಜಮೀನು ‘ರಿಡೀಮ್’ ಆಗಿದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಕರ್ನಾಟಕದಲ್ಲಿ ಸ್ವಂತ ಜಮೀನಿನ ಗಂಧದ ಮರ ಜಮೀನಿನವನದೇ ಎಂದಾಗಲು 2001ರ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ಹಾಗಾದರೆ ಕಾಡಿನಿಂದ ಹೋದ ಬೀಟೆ ಎಲ್ಲಿಗೆ ಹೋಯಿತು? ಬಹುಪಾಲು ಪೀಠೋಪಕರಣಕ್ಕೆ. ತುಂಡು ತುಣುಕು ಹತಾರಗಳ ಹಿಡಿಗೆ. ಇಂಗ್ಲೆಂಡಿನ ಶೆಫೀಲ್ಡ್ ಚಾಕು ಮಾಡುವವರ ಊರು, ಅಲ್ಲಿಯ ಕುಶಲಕರ್ಮಿಗಳ ಸಂಘಕ್ಕೆ 1624ರಲ್ಲೇ ಕಾಯಿದೆಯ ಮನ್ನಣೆ ಸಿಕ್ಕಿತ್ತು. ಅಲ್ಲಿಯ ಜೇಬುಚಾಕು ಒಪಿನೆಲ್ ಥರದ್ದಲ್ಲ. ಎರಡು ಹಿತ್ತಾಳೆ ತಗಡು, ನಡುವೆ ಸ್ಪ್ರಿಂಗ್, ಎರಡೂ ಬದಿಗೆ ಹಿಡಿಯ ಪಟ್ಟಿಗಳು. ಆ ಪಟ್ಟಿಗಳ ಪಟ್ಟಿ ಓದಿದರೆ ಸಾಮ್ರಾಜ್ಯದ ಭೂಪಟ ಓದಿದಂತೆ: ಆಫ್ರಿಕದ ಆನೆದಂತ, ಸಾಗರದ ಮುತ್ತಿನ ಚಿಪ್ಪು, ಅಮೆರಿಕದ ಕೊಕೊಬೊಲೊ, ಭಾರತದ ಕಡವೆ ಕೊಂಬು, ಕರಿಮರ, ರೋಸ್‌ವುಡ್. ರೋಸ್‌ವುಡ್ ಎಂಬ ಹೆಸರಿನಲ್ಲಿ ಬ್ರೆಜಿಲಿನ ಮರವೂ ನಮ್ಮ ಬೀಟೆಯೂ ಸೇರಿಕೊಂಡಿದ್ದವು. ಕುರಿ ಕಾಯುವ ಇಂಗ್ಲಿಷ್ ರೈತನ ಚಾಕುವಿಗೆ ರೋಸ್‌ವುಡ್ ಹಿಡಿ ಮಾಮೂಲಿನ ಸಂಗತಿಯಾಗಿತ್ತು. ಬೀಟೆಯ ನೆರಳಲ್ಲಿ ದರಕು ಗುಡಿಸುವವನ ಕತ್ತಿಗೆ ಬೀಟೆಯ ಕಾವು ಹಾಕಿದರೆ ಅದು ಅಪರಾಧ.

ಇಲ್ಲಿಗೇ ನಿಲ್ಲಿಸಿದರೆ ಯುರೋಪಿನ ರೈತನಿಗೆ ಕಾಡು ಸಿಕ್ಕಿತು, ನಮ್ಮವನಿಗೆ ತಪ್ಪಿತು ಎಂಬ ಸುಲಭದ ಕತೆಯಾಗುತ್ತದೆ. ಅದು ನಿಜವಲ್ಲ. ಫ್ರಾನ್ಸ್ 1827ರಲ್ಲಿ ತನ್ನದೇ ಅರಣ್ಯ ಸಂಹಿತೆ ತಂದು ಹಳ್ಳಿಗರ ಕಟ್ಟಿಗೆ, ಮೇವಿನ ಹಕ್ಕುಗಳನ್ನು ಮೊಟಕುಗೊಳಿಸಿತು. 1829ರಿಂದ 1832ರವರೆಗೆ ಪಿರನೀಸ್ ಬೆಟ್ಟದ ಅರಿಯೇಜ್ ಪ್ರದೇಶದ ಗಂಡಸರು ಹೆಂಗಸರ ಉದ್ದನೆಯ ಬಿಳಿ ಅಂಗಿಯಂಥದ್ದನ್ನು ತೊಟ್ಟು, ಮುಖಕ್ಕೆ ಮಸಿ ಬಳಿದುಕೊಂಡು ಕಾಡಿನ ಗಾರ್ಡುಗಳನ್ನು ಓಡಿಸಿದರು. ಅದನ್ನು ‘ಕನ್ಯೆಯರ ಯುದ್ಧ’ ಎಂದೇ ಕರೆಯುತ್ತಾರೆ. ಒಪಿನೆಲ್‌ನ ಸವೊಯ್ ಫ್ರಾನ್ಸಿಗೆ ಸೇರಿದ್ದೇ 1860ರಲ್ಲಿ, ಅವನು ಹುಟ್ಟುವುದಕ್ಕೆ ಹನ್ನೆರಡು ವರ್ಷ ಮುಂಚೆ. ಇನ್ನೊಂದು ಕೊಂಡಿಯೂ ಇದೆ. ಭಾರತದ ಕಾಡುಗಳಿಗೆ ನೇಮಕವಾದ ಬ್ರಿಟಿಷ್ ತರುಣರನ್ನು 1867ರಿಂದ ಸುಮಾರು ಎರಡು ದಶಕ ತರಬೇತಿಗೆ ಕಳಿಸಿದ್ದು ಫ್ರಾನ್ಸಿನ ನಾನ್ಸಿಯ ಅರಣ್ಯ ಶಾಲೆಗೆ. ಅಲ್ಲಿ ಬೀಚ್ ಮತ್ತು ಓಕ್ ಕಾಡುಗಳಲ್ಲಿ ಕಲಿತದ್ದನ್ನು ಅವರು ಇಲ್ಲಿಯ ಕಾಡುಗಳ ಮೇಲೆ ನಡೆಸಿದರು. ನನ್ನ ಚಾಕುವಿನಿಂದ ಬಿಚ್ಚಿ ತೆಗೆದ ಹಿಡಿಯೂ ಹೊಸದಾಗಿ ಹಾಕಿದ ಹಿಡಿಯೂ ಅಷ್ಟು ಅಪರಿಚಿತರಲ್ಲ.

ಕಾವಲು ಪೂರ್ತಿ ತಪ್ಪು ಎಂದೂ ನಾನು ಹೇಳಲಾರೆ. ಬ್ರೆಜಿಲಿನ ರೋಸ್‌ವುಡ್ಡನ್ನು ಗಿಟಾರಿಗೂ ಮೇಜಿಗೂ ಕಡಿದು ಕಡಿದು, 1992ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನೇ ಹೆಚ್ಚುಕಡಿಮೆ ನಿಲ್ಲಿಸಬೇಕಾಯಿತು. ನಮ್ಮ ಬೀಟೆಯೂ ಅಪಾಯದಂಚಿನ ಪಟ್ಟಿಯಲ್ಲಿದೆ. 2016ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಸೇರಿದ ಸೈಟ್ಸ್ ಸಭೆ ಬೀಟೆಯ ಇಡೀ ಕುಲವನ್ನೇ ನಿಯಂತ್ರಣಕ್ಕೆ ತಂದಿತು. 2017ರ ಜನವರಿ 2ರಿಂದ ಗಡಿ ದಾಟುವ ವ್ಯಾಪಾರಕ್ಕೆ ಪರವಾನಗಿ ಬೇಕಾಯಿತು. ಗಿಟಾರ್ ಮಾಡುವವರು, ಚಾಕು ಹವ್ಯಾಸಿಗಳು ಗೊಣಗಿದರು. 2019ರಲ್ಲಿ ವಾದ್ಯಗಳಿಗೂ, ಒಂದು ರವಾನೆಗೆ ಹತ್ತು ಕಿಲೋವರೆಗಿನ ಸಿದ್ಧ ವಸ್ತುಗಳಿಗೂ ವಿನಾಯಿತಿ ಬಂತು. ಈಗ ಹವ್ಯಾಸಿಗಳು ಬೇರೆ ದಾರಿಗಳನ್ನೂ ಹುಡುಕಿಕೊಂಡಿದ್ದಾರೆ. ಆಲಿವ್, ವಾಲ್‌ನಟ್ ಬಳಸುತ್ತಾರೆ. ಮೆದು ಮರಕ್ಕೆ ನಿರ್ವಾತದಲ್ಲಿ ರಾಳ ತುಂಬಿಸಿ ಗಟ್ಟಿ ಮಾಡುತ್ತಾರೆ. ಒಡೆದ ಕುರ್ಚಿ, ಹಳೆಯ ಪಿಯಾನೋ ಹುಡುಕುತ್ತಾರೆ. ನಿಯಮ ಬಂದ ಮೇಲೆ ಅವರು ಮೊದಲ ಸಲ ಕೇಳಿಕೊಂಡ ಪ್ರಶ್ನೆ: ಈ ಮರ ಎಲ್ಲಿಯದು, ಇದಕ್ಕೆ ಕಾಗದ ಇದೆಯೇ?

ನನ್ನ ಅಜ್ಜ ಆ ಪ್ರಶ್ನೆಯನ್ನು ಜೀವಮಾನವಿಡೀ ಕೇಳಿಕೊಂಡೇ ಬದುಕಿದವನು. ಕಾಗದ ಕೇಳುವುದರಲ್ಲಿ ನನಗೆ ತಕರಾರಿಲ್ಲ. ತಕರಾರು ಇರುವುದು, ಮರದಿಂದ ಹತ್ತು ಸಾವಿರ ಕಿಲೋಮೀಟರ್ ದೂರ ಇದ್ದವರನ್ನು ಅದು ಈಚೆಗೆ ಕೇಳತೊಡಗಿತು, ಮರದ ಬುಡದಲ್ಲಿದ್ದವರನ್ನು ನೂರೈವತ್ತು ವರ್ಷಗಳಿಂದ ಕೇಳುತ್ತಿದೆ ಎಂಬುದರಲ್ಲಿ. ನೆಟ್ಟರೆ ತನ್ನದಾಗದು ಎಂದಾದ ಮೇಲೆ ಬೀಟೆಯ ಸಸಿಯನ್ನು ತೋಟದ ಬದುವಿನಲ್ಲಿ ಉಳಿಸಿಕೊಳ್ಳುವವರು ಯಾರು? ನಮ್ಮೂರಿನಲ್ಲಿ ಅದು ಎರಡೆಲೆ ಬಿಡುವಾಗಲೇ ಕಿತ್ತುಹಾಕುವುದನ್ನು ನಾನೇ ನೋಡಿದ್ದೇನೆ. ಬೆಳೆದರೆ ಅದರ ಜವಾಬ್ದಾರಿ ಮಾತ್ರ ನಮ್ಮದು ಎಂಬ ಹೆದರಿಕೆ.

ಕಾರ್ಖಾನೆಯ ಚಾಕು ಹಿಡಿ ಬದಲಿಸಿದಾಗ ಸ್ವಂತದ್ದಾಗುತ್ತದೆ ಎಂದು ಮೊದಲು ನಂಬಿದ್ದೆನಲ್ಲ, ಈಗ ಅಷ್ಟು ಧೈರ್ಯದಿಂದ ಹೇಳಲಾರೆ. ಹಿಡಿ ನನ್ನ ಕೈಯ ಅಳತೆಗೆ ಇದೆ, ಆ ಮಟ್ಟಿಗೆ ನನ್ನದು. ಮರ ಮುತ್ತಜ್ಜನ ಬೆನ್ನುನೋವಿನದು, ಅಜ್ಜನ ಬಸ್ ಪ್ರಯಾಣದ್ದು. ಮಳೆಗಾಲ ಮುಗಿಯುವವರೆಗೂ ಚಾಕು ಒಂದು ದಿನವೂ ಕಚ್ಚಿಕೊಳ್ಳಲಿಲ್ಲ. ಅಜ್ಜ ಅದರಲ್ಲೇ ಅಡಿಕೆ ಹೋಳು ಮಾಡಿ ಕವಳ ಹಾಕಿದ, ಅಲಗು ತೆಳು ಎಂದು ಬೈದ.

ನವರಾತ್ರಿ ಮುಗಿಸಿ ವಿಶ್ವವಿದ್ಯಾಲಯಕ್ಕೆ ಹೊರಟಾಗ ಅಜ್ಜ ಚಾಕುವನ್ನು ಒರೆಸಿ ಮಡಚಿ ಕೊಟ್ಟ. ಜೊತೆಗೆ ಆ ಪ್ಲಾಸ್ಟಿಕ್ ಚೀಲವನ್ನೂ ಕೊಟ್ಟ.

“ತಗಂಡು ಹೋಗು. ಚೀಟಿನೂ ಇಟ್ಗ. ಯಾರಾದ್ರೂ ಕೇಳಿದ್ರೆ?”

ಇಷ್ಟು ಸಣ್ಣದಕ್ಕೆ ಯಾರು ಕೇಳುತ್ತಾರೆ ಎಂದು ನಗಬಹುದಿತ್ತು. ನಗಲಿಲ್ಲ. ಚೀಟಿ ಈಗ ನನ್ನ ಟಿಪ್ಪಣಿ ಪುಸ್ತಕದಲ್ಲಿ, ‘ಬ್ಲ್ಯಾಕ್‌ವುಡ್’ ಎಂದು ಬರೆದ ಹಾಳೆಗಳ ನಡುವೆ ಇದೆ.